ಬೆಳಗಿನ 5.30ಕ್ಕೆ ಖಾಲಿಯಾಗುತ್ತಿದ್ದ ರಿಪೋರ್ಟ್: ಫೌಂಡ್ರಿಯಲ್ಲಿ ಪವರ್ ಬಿಐ

ಅಂಕಿಅಂಶಗಳನ್ನು ರಿಪೋರ್ಟ್ ಮಾಡಿ ತೋರಿಸುವ ಮೈಕ್ರೋಸಾಫ್ಟ್‌ನ ಸಾಫ್ಟ್‌ವೇರ್ ಪವರ್ ಬಿಐ. ಅದರ ಚಾರ್ಟು, ಮ್ಯಾಪುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯುತ್ತಿರುವುದು ಇವತ್ತಿನ ತಾರೀಖು, ಈಗಿನ ಸಮಯ ಕೊಡುವ ಅದರ ‘ಟುಡೇ’, ‘ನೌ’ ಫಂಕ್ಷನ್‌ಗಳ ಬಗ್ಗೆ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಉತ್ಪಾದನೆಯ ಲೆಕ್ಕ ನೋಡುವವನು ನಾನು. ಕೆಲವು ವರ್ಷಗಳಿಂದ ಈ ಸಾಫ್ಟ್‌ವೇರ್ ದಿನವೂ ಬಳಸುತ್ತಿದ್ದೇನೆ, ಇಷ್ಟಪಟ್ಟೇ ಬಳಸುತ್ತಿದ್ದೇನೆ.

ನಮ್ಮಲ್ಲಿ ಕಬ್ಬಿಣ ಹೆಚ್ಚು ಕರಗುವುದು ರಾತ್ರಿ. ಹೈಟೆನ್ಷನ್ ಸಂಪರ್ಕಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಕರೆಂಟಿನ ದರದಲ್ಲಿ ರಿಯಾಯಿತಿ ಸಿಗುತ್ತದೆ. ಕರೆಂಟಿನಿಂದ ಕಬ್ಬಿಣ ಕರಗಿಸುವ ಇಂಡಕ್ಷನ್ ಫರ್ನೇಸ್ ಇಟ್ಟುಕೊಂಡವರಿಗೆ ಆ ಎಂಟು ತಾಸು ಅಂದರೆ ರೊಕ್ಕ. ಹಾಗಾಗಿ ಫೌಂಡ್ರಿಯ ದಿನ ಶುರುವಾಗುವುದೇ ಬೆಳಗಿನ 6ಕ್ಕೆ. ರಾತ್ರಿ 2ಕ್ಕೆ ಹೊಯ್ದ ಹೀಟ್ (ಒಮ್ಮೆಗೆ ಕರಗಿಸಿದ ಕಬ್ಬಿಣ) ಹಿಂದಿನ ತಾರೀಖಿನ ಲೆಕ್ಕಕ್ಕೇ ಸೇರುತ್ತದೆ.

ಬೆಳಗಿನ ಐದರ ರಿಫ್ರೆಶ್ ಆಗಿ ರಿಪೋರ್ಟಿಗೆ ಹೊಸ ಡೇಟಾ ಬಂದ ಮೇಲೆ ನೈಟ್ ಶಿಫ್ಟಿನ ಸೂಪರ್‌ವೈಸರ್ ಕೈಗವಸು ಕಳಚಿ, ಮೊಬೈಲ್ ಗಾಜಿನ ಮೇಲಿನ ಕರಿ ಉಸುಕನ್ನು ಅಂಗಿಯ ತುದಿಯಿಂದ ಒರೆಸಿ, ಒಂದು ಕೈಯಲ್ಲಿ ಚಹಾ ಹಿಡಿದು ರಿಪೋರ್ಟ್ ತೆರೆಯುತ್ತಾರೆ. ಎಷ್ಟು ಹೀಟ್, ಎಷ್ಟು ಟನ್, ಎಷ್ಟು ರಿಜೆಕ್ಷನ್. ಮೂರೇ ಅಂಕಿ. ಅವನ್ನು ಗೋಡೆಯ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಒಂದು ಗೆರೆ ಎಳೆದರೆ ಅವರ ಪಾಳಿ ಮುಗಿದಂತೆ. ಫಸ್ಟ್ ಶಿಫ್ಟಿನವರು ಬಂದ ಕೂಡಲೇ ನೋಡುವುದು ಆ ಗೆರೆಯನ್ನೇ. ಲ್ಯಾಡಲ್ (ಕರಗಿದ ಕಬ್ಬಿಣ ಹೊರುವ ಪಾತ್ರೆ) ರಿಪೇರಿ ಮೊದಲೋ, ಚಾರ್ಜ್ (ಫರ್ನೇಸಿಗೆ ಕಬ್ಬಿಣ ತುಂಬುವುದು) ಮೊದಲೋ ಎಂಬ ಮಾತೆಲ್ಲ ಅಲ್ಲಿಂದ ಮುಂದೆ.

ಐದೂಕಾಲಿಗೆ ನೋಡಿದರೆ ಅಂಕಿ ಇರುತ್ತಿದ್ದವು. ಚಹಾ ಕುಡಿದು ಐದೂ ಮೂವತ್ತೈದಕ್ಕೆ ನೋಡಿದರೆ ಅಂಕಿ ತೋರಿಸುವ ಮೂರೂ ಕಾರ್ಡ್ ಖಾಲಿ. “ರಾತ್ರಿ ಪೂರಾ ಇತ್ರಿ ಸರ, ಬೆಳಗಾಗೂದ್ರಾಗ ಎಲ್ಲಿ ಹೋತು?” ಎಂದು ಅವರು ಕೇಳಿದರು. ಎಂಟು ತಾಸು ಬೆಂಕಿಯ ಮುಂದೆ ನಿಂತವರ ಕೆಲಸ ಪರದೆಯಿಂದ ಹಾಗೆ ಅಳಿಸಿಹೋಗುವುದು ನನಗೆ ಸಣ್ಣ ಮಾತಾಗಿ ಕಾಣಲಿಲ್ಲ.

ಕಾರಣ ಇಷ್ಟು. ಕಾರ್ಡುಗಳು ‘ಟುಡೇ’ ಕೊಡುವ ತಾರೀಖಿನ ಲೆಕ್ಕವನ್ನಷ್ಟೇ ತೋರಿಸುತ್ತಿದ್ದವು. ಪವರ್ ಬಿಐನ ಕಂಪ್ಯೂಟರ್ ಆವೃತ್ತಿಯಾದ ಡೆಸ್ಕ್‌ಟಾಪಿನಲ್ಲಿ ‘ಟುಡೇ’ ನಮ್ಮ ಕಂಪ್ಯೂಟರಿನ ಗಡಿಯಾರವನ್ನು ನೋಡುತ್ತದೆ. ರಿಪೋರ್ಟ್ ಕ್ಲೌಡಿಗೆ ಏರಿದ ಮೇಲೆ ಅದೇ ಫಂಕ್ಷನ್ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದ ತಾರೀಖು ಕೊಡುತ್ತದೆ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ತಾಸು ಮುಂದೆ, ಅಂದರೆ ಅಲ್ಲಿಯ ನಡುರಾತ್ರಿ ನಮಗೆ ಬೆಳಗಿನ 5.30. ಆಗ ತಾರೀಖು ಬದಲಾಗುತ್ತದೆ, ಆ ಹೊಸ ತಾರೀಖಿನ ಲೆಕ್ಕ ನಮ್ಮಲ್ಲಿ ಇನ್ನೂ ಶುರುವೇ ಆಗಿರುವುದಿಲ್ಲ. ಮೈಕ್ರೋಸಾಫ್ಟ್‌ನ ಕೈಪಿಡಿಯಲ್ಲಿ ಇದು ಮುಚ್ಚುಮರೆಯಿಲ್ಲದೆ ಇದೆ. ನನ್ನ ಸಿಟ್ಟು ನಮಗೆ ರಿಪೋರ್ಟ್ ಕಟ್ಟಿಕೊಟ್ಟು ರೊಕ್ಕ ಎಣಿಸಿಕೊಂಡು ಹೋದವರ ಮೇಲೆ. ಹಗಲು ಹೊತ್ತಿನಲ್ಲಿ ಎರಡೂ ಗಡಿಯಾರದ ತಾರೀಖು ಒಂದೇ ಇರುತ್ತದೆ, ಅವರು ತೋರಿಸಿದ್ದೂ ಹಗಲಿನಲ್ಲೇ. ಫೋನ್ ಮಾಡಿದರೆ “ಶೆಡ್ಯೂಲಿನಾಗ ಇಂಡಿಯಾ ಟೈಮ್ ಹಾಕೇವಲ್ರಿ” ಅಂದರು. ರಿಫ್ರೆಶ್ ಶೆಡ್ಯೂಲಿನ ಟೈಮ್ ಝೋನ್ ಪಟ್ಟಿಯಲ್ಲಿ ‘ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ’ ಆರಿಸಿದರೆ ರಿಫ್ರೆಶ್ ಆಗುವ ಹೊತ್ತು ಮಾತ್ರ ನಮ್ಮದಾಗುತ್ತದೆ. ‘ಟುಡೇ’ಗೆ ಅದರ ಗೊಡವೆಯೇ ಇಲ್ಲ.

ಕೊನೆಗೆ ಕಾಗದ ತೆಗೆದುಕೊಂಡು ನಾನೇ ಕೂತೆ. ಈಗಿನ ಯುಟಿಸಿ ಸಮಯ ಕೊಡುವ ‘ಯುಟಿಸಿನೌ’ ಫಂಕ್ಷನ್ನಿಗೆ ಐದೂವರೆ ತಾಸು ಕೂಡಿಸಿದರೆ ಭಾರತದ ಸಮಯ. ಆದರೆ ಅಲ್ಲಿಗೇ ನಿಂತರೆ ಕಾರ್ಡ್ ರಾತ್ರಿ 12ಕ್ಕೇ ಖಾಲಿಯಾಗುತ್ತದೆ, ಅದು ಇನ್ನೂ ಕೆಟ್ಟದ್ದು. ನಮ್ಮ ದಿನ 6ಕ್ಕೆ ಶುರು, ಆದ್ದರಿಂದ ಆರು ತಾಸು ಕಳೆಯಬೇಕು. ಐದೂವರೆ ಕೂಡಿಸು, ಆರು ಕಳೆ. ಉಳಿಯುವುದು ಅರ್ಧ ತಾಸು! ‘ಯುಟಿಸಿನೌ’ದಿಂದ 30 ನಿಮಿಷ ಕಳೆದು ತಾರೀಖು ತೆಗೆದರೆ ಅದೇ ನಮ್ಮ ಫೌಂಡ್ರಿಯ ತಾರೀಖು. 5.59ಕ್ಕೆ ಹಿಂದಿನ ದಿನ, 6ಕ್ಕೆ ಹೊಸ ದಿನ. ಮನೆಯ ಲ್ಯಾಪ್‌ಟಾಪಿನಲ್ಲೂ ಅದೇ, ಕ್ಲೌಡಿನಲ್ಲೂ ಅದೇ. ಇಷ್ಟು ದಿನ ಶಪಿಸುತ್ತಿದ್ದ ಯುಟಿಸಿ ನಮ್ಮ ಪಾಳಿಗೆ ಅರ್ಧ ತಾಸಿನಷ್ಟು ಹತ್ತಿರ ಇತ್ತು ಎಂದು ತಿಳಿದಾಗ ಆದ ಖುಷಿ ದೊಡ್ಡದು. ಅಂದಿನಿಂದ ಈ ಸಾಫ್ಟ್‌ವೇರಿನ ಮೇಲೆ ನನಗೆ ಮುನಿಸಿಲ್ಲ.

ಇದನ್ನು ಮೆಷರ್ (ರಿಪೋರ್ಟ್ ನೋಡುವಾಗ ಲೆಕ್ಕವಾಗುವ ಸೂತ್ರ) ಆಗಿಯೇ ಬರೆಯಿರಿ. ಕ್ಯಾಲ್ಕುಲೇಟೆಡ್ ಕಾಲಂನಲ್ಲಿ ಬರೆದರೆ ರಿಫ್ರೆಶ್ ಆದ ಹೊತ್ತಿನ ಬೆಲೆ ಅಲ್ಲೇ ನಿಂತುಬಿಡುತ್ತದೆ, ಮುಂದಿನ ರಿಫ್ರೆಶ್‌ವರೆಗೆ ಕದಲುವುದಿಲ್ಲ. ಅದೇ ಗುಣ ಒಂದು ಕಡೆ ಉಪಯೋಗಕ್ಕೂ ಬರುತ್ತದೆ. ಡೇಟಾ ಕೊನೆಯ ಸಲ ಯಾವಾಗ ಬಂತು ಎಂದು ತೋರಿಸುವ ಕಾರ್ಡಿಗೆ ನಿಂತ ಸಮಯವೇ ಬೇಕು. ಅದಕ್ಕಾಗಿ ಡೇಟಾ ತರುವ ಭಾಗವಾದ ಪವರ್ ಕ್ವೆರಿಯಲ್ಲಿ ಯುಟಿಸಿ ಸಮಯ ತೆಗೆದು ‘ಸ್ವಿಚ್‌ಝೋನ್’ನಿಂದ 5, 30 ಎಂದು ಬದಲಿಸಿ ಇಟ್ಟಿದ್ದೇನೆ. ‘ಕಳೆದ 7 ದಿನ’ ಎಂಬಂತೆ ಆರಿಸಿಕೊಳ್ಳುವ ರಿಲೇಟಿವ್ ಡೇಟ್ ಸ್ಲೈಸರ್ ಮಾತ್ರ ಯುಟಿಸಿಯನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ನಮ್ಮ ಪುಟಗಳಿಂದ ತೆಗೆದುಹಾಕಿದ್ದೇನೆ.

ದುಡ್ಡಿನ ಮಾತು. ಡೆಸ್ಕ್‌ಟಾಪ್ ಉಚಿತ, ಹಂಚಿಕೊಂಡು ನೋಡುವ ಪ್ರತಿಯೊಬ್ಬರಿಗೂ ಪ್ರೊ ಲೈಸೆನ್ಸ್ ಬೇಕು. ಅದರಲ್ಲಿ ದಿನಕ್ಕೆ 8 ಶೆಡ್ಯೂಲ್ ರಿಫ್ರೆಶ್. 48 ಸಿಗುವ ಪ್ರೀಮಿಯಂ ನಮ್ಮಂಥ ಸಣ್ಣ ಕಾರ್ಖಾನೆಗೆ ನಿಲುಕದು, ಬೇಕಾಗಿಯೂ ಇಲ್ಲ. ಎಂಟರಲ್ಲಿ ಅರ್ಧವನ್ನು ರಾತ್ರಿ ಪಾಳಿಗೇ ಕೊಟ್ಟಿದ್ದೇನೆ. ಹಗಲಿನ ಲೆಕ್ಕ ಒಂದು ತಾಸು ತಡವಾದರೆ ಆಫೀಸಿನಲ್ಲಿ ಕೂತವರು ಕಾಯಬಲ್ಲರು.