ಮಿರಗಕ್ಕೆ (ಮೃಗಶಿರ ಮಳೆಗೆ) ಮೊದಲೇ ಹುಲ್ಲು ಹಾಸಿಸಿ ಕೆಟ್ಟೆವು: ಪುಣೆಯಲ್ಲಿ ಲಾನ್ ಮಾಡಿಸುವವರಿಗೆ ಎಚ್ಚರಿಕೆ

ಕಳೆದ ವಾರ ನಮ್ಮ ಓಣಿಯ ಕೊನೆಯ ರೋ ಹೌಸ್ ಮುಂದೆ ಒಂದು ಟೆಂಪೋ ನಿಂತಿತ್ತು. ಒಳಗೆ ಹುಲ್ಲಿನ ಸುರುಳಿಗಳು, ಮೇಲೆ ಒದ್ದೆ ಗೋಣಿತಟ್ಟು. ಏಪ್ರಿಲ್ ತಿಂಗಳು, ಬೆಳಗಿನ ಹನ್ನೊಂದಕ್ಕೇ ಮೊಬೈಲ್ 38 ಡಿಗ್ರಿ ತೋರಿಸುತ್ತಿತ್ತು. ಹೋಗಿ ಹೇಳೋಣ ಅಂದುಕೊಂಡೆ. ಗುರುತಿಲ್ಲದವರ ಮನೆ, ಹೊಸಮನೆಯ ಸಡಗರದಲ್ಲಿದ್ದಾರೆ, ಅಪಶಕುನ ನುಡಿದಂತಾಗುತ್ತದೆ ಎಂದು ಸುಮ್ಮನೆ ವಾಪಸ್ ಬಂದೆ. ಬಂದ ಮೇಲೆ ಸಮಾಧಾನವಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಪುಣೆಯಲ್ಲಿ ಮನೆ ಮಾಡಿರುವ ನಮ್ಮ ಕಡೆಯ ಮಂದಿ, ಅದರಲ್ಲೂ ವಾಘೋಲಿ, ಹಡಪ್ಸರ್, ಲೋಣಿ ಕಾಳಭೋರ ಕಡೆಯವರು, ಅಂಗಳಕ್ಕೆ ಲಾನ್ ಹಾಕಿಸುವ ಮುಂಚೆ ಇದನ್ನು ಓದಿ.

ನಮ್ಮದು ಎರಡು ವರ್ಷದ ಹಿಂದಿನ ಕಥೆ. ನಮ್ಮನೆಯವರು ನಿವೃತ್ತರಾದಾಗ ಬಂದ ಹಣದಲ್ಲಿ ವಾಘೋಲಿಯಲ್ಲಿ ಮನೆ ಕೊಂಡೆವು. ಮುಂದೆ, ಪಕ್ಕ ಎಲ್ಲ ಸೇರಿ 600 ಚದರಡಿ ಖಾಲಿ ಜಾಗ. ಇಪ್ಪತ್ತೆಂಟು ವರ್ಷ ಪಿಂಪರಿಯ ಎರಡನೇ ಮಹಡಿಯಲ್ಲಿ ಒಂದು ತುಳಸಿ ಕುಂಡ ಸಾಕಿದವಳಿಗೆ 600 ಚದರಡಿ ಅಂದರೆ ಹೊಲವೇ. ಗೃಹಪ್ರವೇಶ ಅಕ್ಷಯ ತದಿಗೆಗೆ. ಬಾಗಲಕೋಟೆಯಿಂದ ಬೀಗರು, ನೆಂಟರು ಬಂದು ಇಳಿಯುವಷ್ಟರಲ್ಲಿ ಅಂಗಳ ಹಸಿರಾಗಿರಬೇಕು ಅನ್ನುವ ಚಪಲ ನನ್ನದು. ಮನೆಯವರ ಮೇಲೆ ಹಾಕುವಂತಿಲ್ಲ.

ಸೋಲಾಪುರ ರಸ್ತೆಯ ಮೇಲೆ ಉರುಳಿ ಕಾಂಚನ ಕಡೆ ಹೊರಟರೆ ನರ್ಸರಿಗಳ ಸಾಲೇ ಇದೆ. ಗಿಡ ನೋಡಲು ಹೋದಾಗ ಪರಿಚಯವಾದ ಒಬ್ಬ ಗುತ್ತಿಗೆದಾರ ಮರುದಿನವೇ ಮನೆಗೆ ಬಂದ. ಮೊಬೈಲಿನಲ್ಲಿ ಬಂಗಲೆಗಳ ಫೋಟೋ ತೋರಿಸಿದ. "ತಾಯೀ, ಆಠ್ ದಿವಸಾತ್ ಲಾನ್ ಬಸತೇ, ಟೆನ್ಶನ್ ಘೇವು ನಕಾ" ಅಂದ. ಎಂಟೇ ದಿನದಲ್ಲಿ ಹುಲ್ಲು ನೆಲ ಕಚ್ಚುತ್ತದಂತೆ, ಚಿಂತೆ ಬೇಡವಂತೆ. ಮಣ್ಣು, ಗೊಬ್ಬರ, ಹುಲ್ಲು, ಕೂಲಿ ಸೇರಿ ಚದರಡಿಗೆ 70 ರೂಪಾಯಿ, ಒಟ್ಟು 42,000. ಮೂರು ತಿಂಗಳ ನಿಗಾ ಪುಕ್ಕಟೆ. ನಾವು 30,000 ಮುಂಗಡ ಕೊಟ್ಟೆವು.

ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಅವನು ಹೋದ ಮೇಲೆ, "ಇಂಥಾ ಸುಡು ಬಿಸಲಾಗ ಯಾರರ ಹುಲ್ಲ ಹಚ್ಚತಾರೇನ ಯವ್ವಾ? ಮಿರಗ ಕೂಡಲಿ ತಡಿ. ಬ್ಯಾಸಗ್ಯಾಗ ನೆಲಾ ಅಗದು ಬಿಸಲಿಗೆ ಬಿಡಬೇಕು, ಹುಲ್ಲ ಹಚ್ಚೂದಲ್ಲ" ಅಂದರು. ನಾನು "ಅತ್ತಿ, ಇದು ಹೊಲಾ ಅಲ್ರಿ, ಲಾನ್" ಅಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಮೊದಲು ಮಣ್ಣಿನ ಮೋಸ ಹೇಳುತ್ತೇನೆ, ಉಳಿದದ್ದೆಲ್ಲ ಅದರಿಂದಲೇ ಹುಟ್ಟಿದ್ದು. ಇಲ್ಲಿ ಕೆಂಪು ಮಣ್ಣು, ಮರಳು, ಮುರುಮು (ಗರಸು) ಎಲ್ಲ ಬ್ರಾಸ್ ಲೆಕ್ಕದಲ್ಲಿ ಬರುತ್ತದೆ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಹುಲ್ಲಿಗೆ ಕನಿಷ್ಠ ಅರ್ಧ ಅಡಿ ಒಳ್ಳೆಯ ಮಣ್ಣು ಬೇಕು. 600 ಚದರಡಿಗೆ ಅರ್ಧ ಅಡಿ ಅಂದರೆ 300 ಘನ ಅಡಿ, ಅಂದರೆ ಮೂರು ಬ್ರಾಸ್. ಚೀಟಿಯಲ್ಲಿ ಅವನು ಬರೆದದ್ದೂ ಮೂರು ಬ್ರಾಸೇ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಹಾಗಾಗಿ ಅನುಮಾನವೇ ಬರಲಿಲ್ಲ. ಆದರೆ ಮಣ್ಣು ಬಂದದ್ದು ರಾತ್ರಿ, ನಾವಿನ್ನೂ ಪಿಂಪರಿಯಲ್ಲೇ ಇದ್ದಾಗ. ಮರುದಿನ ಬಂದು ನೋಡಿದರೆ ಹರಡಿ, ನೀರು ಹೊಡೆದು, ರೋಲರ್ ಎಳೆದು ಚೊಕ್ಕ ಮಾಡಿಬಿಟ್ಟಿದ್ದರು. ಕೆಂಪಗೆ, ಸಮತಟ್ಟಾಗಿ, ಕಣ್ಣಿಗೆ ಹಬ್ಬ. ಎಷ್ಟು ಆಳವಿದೆ ಎಂದು ಒಂದು ಕಡ್ಡಿ ಚುಚ್ಚಿ ನೋಡುವ ಬುದ್ಧಿ ನಮ್ಮಿಬ್ಬರಲ್ಲಿ ಒಬ್ಬರಿಗೂ ಹುಟ್ಟಲಿಲ್ಲ. ಮಣ್ಣಿನ ಜೊತೆ ಬೆರೆಸಿದ ಸಗಣಿ ಗೊಬ್ಬರ ಇನ್ನೂ ಹಸಿ ವಾಸನೆ ಹೊಡೆಯುತ್ತಿತ್ತು. ಚೆನ್ನಾಗಿ ಕಳಿತ ಗೊಬ್ಬರಕ್ಕೆ ಸಗಣಿಯ ವಾಸನೆ ಇರುವುದಿಲ್ಲ, ಮೊದಲ ಮಳೆಯ ಮಣ್ಣಿನ ವಾಸನೆ ಇರುತ್ತದೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು ನಾನು, ಇದು ಗೊತ್ತಿರಬೇಕಿತ್ತು.

ಹುಲ್ಲಿನ ಸುರುಳಿ ಬಂದದ್ದು ಮಧ್ಯಾಹ್ನ ಎರಡಕ್ಕೆ. ಒಂದರ ಮೇಲೊಂದು ಪೇರಿಸಿದ ಸುರುಳಿಯೊಳಗೆ ಕೈ ಹಾಕಿದರೆ ತಿಪ್ಪೆಯೊಳಗೆ ಕೈ ಇಟ್ಟ ಹಾಗೆ ಬಿಸಿ. ಕಿತ್ತ ಹುಲ್ಲು ಉಸಿರಾಡುತ್ತಲೇ ಇರುತ್ತದೆ. ಸುತ್ತಿ ಪೇರಿಸಿದರೆ ಆ ಕಾವು ಹೊರಗೆ ಹೋಗದೆ ಒಳಗೇ ಬೇಯುತ್ತದೆ. ಬೆಳಗಿನ ತಂಪಿನಲ್ಲಿ ಕಿತ್ತು, ಅದೇ ದಿನ ಹಾಸಬೇಕಾದ ಸರಕು ಅದು. ಅಂಚುಗಳು ಆಗಲೇ ಹಳದಿಯಾಗಿದ್ದವು. ಕೇಳಿದ್ದಕ್ಕೆ "ನೀರು ಬಿದ್ದರೆ ಸರಿಹೋಗುತ್ತದೆ" ಅಂದ.

ಇನ್ನು ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. 600 ಚದರಡಿ ಅಂದರೆ ಸುಮಾರು 56 ಚದರ ಮೀಟರ್. ಇಂಥ ಬೇಸಿಗೆಯಲ್ಲಿ ದಿನಕ್ಕೆ ಬರೀ 5 ಮಿಲಿಮೀಟರ್ ಲೆಕ್ಕ ಹಿಡಿದರೂ 280 ಲೀಟರ್. ತಿಂಗಳಿಗೆ 8,400 ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರಿನ ಬಹುಪಾಲು ನಮ್ಮ ಹುಲ್ಲಿಗೇ ಬೇಕು. ಮೇ ತಿಂಗಳಲ್ಲಿ ನಮ್ಮ ಸೊಸೈಟಿ ನಿಂತಿದ್ದೇ ಟ್ಯಾಂಕರ್ ಮೇಲೆ. ಎದುರು ಮನೆಯ ಆಜಿ ಒಂದು ದಿನ ಪೈಪ್ ಹಿಡಿದು ನಿಂತ ನನ್ನನ್ನು ನೋಡಿ ಏನೂ ಅನ್ನದೆ ಕಿಟಕಿ ಮುಚ್ಚಿಕೊಂಡರು. ಬೈದಿದ್ದರೆ ವಾಸಿಯಿತ್ತು.

ಅಷ್ಟು ನೀರು ಹೊಡೆದೂ ಹುಲ್ಲು ಕೈಗೆ ಹತ್ತಲಿಲ್ಲ. ನಾನು ದಿನಕ್ಕೆ ಮೂರು ಸಲ ಹತ್ತತ್ತು ನಿಮಿಷ ಮೇಲೆ ಮೇಲೆ ನೀರು ಚಿಮುಕಿಸುತ್ತಿದ್ದೆ, ಅದರಲ್ಲೊಂದು ಸಲ ಮಧ್ಯಾಹ್ನ. ಹಾಸಿದ ಮೊದಲ ಹತ್ತು ಹನ್ನೆರಡು ದಿನ ಮೇಲಿನ ಪದರ ಒಣಗದಂತೆ ಹಾಗೆ ಕೊಡುವುದು ಸರಿ. ಆಮೇಲೆ ಅಂತರ ಹೆಚ್ಚಿಸಿ, ಬೆಳಗಿನ ಐದಾರು ಗಂಟೆಗೆ, ಆಳಕ್ಕೆ ಇಳಿಯುವಂತೆ ಕೊಡಬೇಕು. ನೀರು ಮೇಲೇ ಸಿಕ್ಕರೆ ಬೇರು ಕೆಳಗೆ ಯಾಕೆ ಹೋದೀತು? ನೀರು ಹಾಯಿಸಿ ಅರ್ಧ ಗಂಟೆ ಬಿಟ್ಟು ಉದ್ದನೆಯ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ಆರು ಇಂಚು ಸಲೀಸಾಗಿ ಇಳಿದರೆ ನೀರು ಇಳಿದಿದೆ ಅಂತ ಅರ್ಥ. ನಮ್ಮಲ್ಲಿ ಎರಡು ಇಂಚಿಗೆ ಠಕ್ ಎಂದು ನಿಂತಿತು. ಕಲ್ಲು ಸಿಕ್ಕಿರಬೇಕು ಎಂದು ಜಾಗ ಬದಲಿಸಿದೆ. ಅಲ್ಲೂ ಠಕ್. ಆಗಲೂ ತಲೆಗೆ ಹೊಳೆಯಲಿಲ್ಲ ನೋಡಿ.

ಗೃಹಪ್ರವೇಶದ ದಿನ ಅಂಗಳ ಅರ್ಧ ಹಸಿರು, ಅರ್ಧ ಗೋಧಿ ಬಣ್ಣ. ಗುತ್ತಿಗೆದಾರನಿಗೆ ಫೋನ್ ಮಾಡಿದರೆ ಯೂರಿಯಾ ಹಾಕಲು ಹೇಳಿದ. ಎಷ್ಟು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಎರಡು ಕಿಲೋ ತಂದು ಬೆಳಗಿನ ಹತ್ತಕ್ಕೆ ಕೈಯಿಂದ ಎರಚಿದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. 600 ಚದರಡಿಗೆ ಒಂದು ಸಲಕ್ಕೆ ಅರ್ಧ ಕಿಲೋ ದಾಟಬಾರದು, ಅದೂ ಹುಲ್ಲು ಬೇರೂರಿ ಚಿಗುರುವ ಕಾಲದಲ್ಲಿ, ಹಾಕಿದ ಕೂಡಲೇ ಚೆನ್ನಾಗಿ ನೀರು ಕೊಟ್ಟು. ಬಾಯಾರಿ ಸಾಯುತ್ತಿರುವ ಹುಲ್ಲಿಗೆ ನಾನು ನಾಲ್ಕು ಪಟ್ಟು ಉಪ್ಪು ತಿನ್ನಿಸಿದಂತಾಯಿತು. ಗೊಬ್ಬರದ ಉಪ್ಪು ಬೇರಿನೊಳಗಿನ ನೀರನ್ನೂ ಹೊರಗೆಳೆಯುತ್ತದೆ. ಮೂರು ದಿನಕ್ಕೆ ಅಂಗಳದ ತುಂಬ ನನ್ನ ಕೈ ಬೀಸಿದ ದಿಕ್ಕಿನಲ್ಲೇ ಕಂದು ಪಟ್ಟೆಗಳು ಮೂಡಿದವು.

ಅವನು ಒಮ್ಮೆ ಬಂದ, ಅಷ್ಟೇ. ಯಂತ್ರ ಹಚ್ಚಿ ಬುಡಮಟ್ಟ ಕತ್ತರಿಸಿ, ಹೊಸ ಚಿಗುರು ಬರುತ್ತದೆ ಎಂದು ಉಳಿದ 12,000 ಇಸಿದುಕೊಂಡು ಹೋದ. ಬೇಸಿಗೆಯಲ್ಲಿ ಹುಲ್ಲನ್ನು ಎತ್ತರಕ್ಕೇ ಬಿಡಬೇಕು, ಒಂದು ಸಲಕ್ಕೆ ಅದರ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಎಲೆಯೇ ನೆಲಕ್ಕೆ ನೆರಳು. ಆಮೇಲೆ ಅವನ ಫೋನ್ ಬಂದ್.

ಜೂನ್‌ನಲ್ಲಿ ಮಳೆ ಬಂತು, ಸತ್ತಿದ್ದರಲ್ಲೂ ಅರ್ಧ ಚಿಗುರಿತು. ಬದುಕಿತು ಅಂದುಕೊಂಡೆವು. ಬಂದದ್ದರಲ್ಲಿ ಹುಲ್ಲಿಗಿಂತ ಜೇಕು ಎಂಬ ಕಳೆಯೇ ಹೆಚ್ಚು. ಅದರ ಗಡ್ಡೆಗಳು ಮಣ್ಣೊಳಗೆ ಸರದ ಹಾಗೆ ಪೋಣಿಸಿಕೊಂಡಿರುತ್ತವೆ. ಮೇಲಿಂದ ಜಗ್ಗಿದರೆ ಸರ ಹರಿದು ಒಂದಿದ್ದದ್ದು ನಾಲ್ಕಾಗುತ್ತದೆ. ಹಸಿ ಗೊಬ್ಬರದ ಕೃಪೆಯಿಂದ ಕಾಂಗ್ರೆಸ್ ಕಳೆಯೂ ಬಂತು. ಭಾರತದಲ್ಲಿ ಆ ಕಳೆಯನ್ನು ಮೊದಲು ಗುರುತಿಸಿದ್ದು ಇದೇ ಪುಣೆಯಲ್ಲಿ, 1950ರ ದಶಕದಲ್ಲಿ. ತವರಿನಲ್ಲಿ ಅದಕ್ಕೇನು ಸಂಕೋಚ!

ಇದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮೇ ಕೊನೆಯ ಅಡ್ಡಮಳೆಯ ರಾತ್ರಿ ಪೋರ್ಚಿನ ದೀಪಕ್ಕೆ ಕಂದು ಬಣ್ಣದ ದುಂಬಿಗಳು ಬುಳುಬುಳು ಬಂದು ಬಿದ್ದಿದ್ದವು. ಬೆಳಿಗ್ಗೆ ಪೊರಕೆಯಿಂದ ಗುಡಿಸಿ ಅಂಗಳಕ್ಕೇ ಎಸೆದೆ. ಅವು ಗೊಣ್ಣೆ ಹುಳುವಿನ ತಾಯಿ-ತಂದೆ ಎಂದು ಆಮೇಲೆ ತಿಳಿಯಿತು. ಮರಾಠಿಯವರು ಹುಮಣಿ ಅನ್ನುತ್ತಾರೆ, ಇಲ್ಲಿನ ಕಬ್ಬಿನ ರೈತರಿಗೆ ಅದರ ಹೆಸರು ಕೇಳಿದರೇ ಸಿಟ್ಟು. ಮೊದಲ ಮಳೆಗೆ ನೆಲದಿಂದ ಎದ್ದ ದುಂಬಿ ರಾತ್ರಿ ಬೇವು, ಜಾಲಿ ಎಲೆ ತಿಂದು, ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಜುಲೈನಿಂದ ಮರಿಗಳು ಬೇರು ತಿನ್ನುತ್ತವೆ. ಮಳೆ ಇರುವವರೆಗೆ ಹುಲ್ಲು ಹಸಿರಾಗಿಯೇ ಕಾಣುತ್ತದೆ, ಮಳೆ ನಿಂತ ವಾರಕ್ಕೆ ಬಣ್ಣ ಬಯಲಾಗುತ್ತದೆ.

ಸೆಪ್ಟೆಂಬರಿನಲ್ಲಿ ಗೊರವಂಕಗಳು ಗುಂಪುಗುಂಪಾಗಿ ಬಂದು ಅಂಗಳ ಕೆದಕತೊಡಗಿದವು. ಒಂದು ಮೂಲೆ ಹಿಡಿದು ಎತ್ತಿದೆ. ನವಲಗುಂದದ ಜಮಖಾನೆ ಮಡಚಿದ ಹಾಗೆ ಹುಲ್ಲು ಸುತ್ತಿಕೊಂಡು ಬಂತು, ಕೆಳಗೆ ಒಂದೇ ಒಂದು ಬೇರಿಲ್ಲ. ಒಂದಡಿ ಜಾಗದಲ್ಲಿ ಸೊಟ್ಟಗೆ ಮಲಗಿದ ಹದಿನಾಲ್ಕು ಬಿಳಿ ಹುಳು ಎಣಿಸಿದೆ. ಮನೆಯವರು ಪಿಕಾಸಿ ತಂದು ಅಗೆದರು. ಎರಡು ಇಂಚು ಕೆಂಪು ಮಣ್ಣು. ಅದರ ಕೆಳಗೆ ಬಿಲ್ಡರ್ ಬಿಟ್ಟುಹೋದ ಟೈಲ್ಸ್ ಚೂರು, ಸಿಮೆಂಟಿನ ಗಡ್ಡೆ, ಹರಿದ ಚೀಲ. ಎರಡು ಇಂಚು ಅಂದರೆ ಒಂದೇ ಬ್ರಾಸ್. ಉಳಿದೆರಡು ಬ್ರಾಸ್ ಚೀಟಿಯ ಮೇಲಷ್ಟೇ ಇತ್ತು, ಅದನ್ನು ಮುಚ್ಚಲು ಹುಲ್ಲಿತ್ತು.

ಮಣ್ಣನ್ನು ಹಗಲಲ್ಲೇ, ನಿಮ್ಮ ಕಣ್ಣ ಮುಂದೆಯೇ ಇಳಿಸಿಕೊಳ್ಳಿ. ಗಾಡಿಯಲ್ಲಿರುವಾಗಲೇ ಉದ್ದ, ಅಗಲ, ಎತ್ತರಕ್ಕೆ ಟೇಪ್ ಹಿಡಿದು ಗುಣಿಸಿ. ಹರಡಿದ ಮೇಲೆ ಹತ್ತು ಕಡೆ ಕಬ್ಬಿಣದ ಕಡ್ಡಿ ಚುಚ್ಚಿ. ಅಲ್ಲಿಯವರೆಗೆ ಹುಲ್ಲಿನ ಸುರುಳಿಯನ್ನು ಗೇಟಿನೊಳಗೆ ಬಿಡಬೇಡಿ, ಕಾಲು ಭಾಗಕ್ಕಿಂತ ಹೆಚ್ಚು ಮುಂಗಡವನ್ನಂತೂ ಕೊಡಲೇಬೇಡಿ. ಏಪ್ರಿಲ್, ಮೇ ಬಿಸಿಲನ್ನು ಬೇರೆ ಕೆಲಸಕ್ಕೆ ಬಳಸಿ: ನೆಲ ಅಗೆದು, ಜೇಕಿನ ಗಡ್ಡೆ ಆರಿಸಿ, ಒಮ್ಮೆ ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ ನಾಲ್ಕಾರು ವಾರ ಬಿಡಿ. ಒಳಗಿನ ಕಾವಿಗೆ ಕಳೆಬೀಜ ಬಹಳಷ್ಟು ಸಾಯುತ್ತವೆ. ಜೇಕು ಪೂರ್ತಿ ಸಾಯುವುದಿಲ್ಲ, ಅದನ್ನು ಕೈಯಿಂದಲೇ ಆರಿಸಬೇಕು. ದುಂಬಿ ಏಳುವ ದಿನಗಳಲ್ಲಿ ಹೊರದೀಪದ ಕೆಳಗೆ ಸೋಪಿನ ನೀರಿನ ಬಕೆಟ್ ಇಟ್ಟರೆ ಬಹಳಷ್ಟು ಅದರಲ್ಲೇ ಬಿದ್ದು ಸಾಯುತ್ತವೆ. ಹುಲ್ಲು ಹಾಸುವುದು ಜೂನ್ 7-8ಕ್ಕೆ ಮಿರಗ ಕೂಡಿ, ನೆಲ ನಿಜವಾಗಿ ನೆನೆದ ಮೇಲೆ. ಪುಣೆಗೆ ವರ್ಷಕ್ಕೆ ಬೀಳುವ ಸುಮಾರು 700 ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬರುತ್ತದೆ. ಬೇರೂರಲು ಹುಲ್ಲಿಗೆ ಸಿಗುವ ಪುಕ್ಕಟೆ ನೀರು ಅದೊಂದೇ. ಲೋಣಾವಳದ ಬಂಗಲೆಯ ಫೋಟೋ ತೋರಿಸಿದರೆ ಮರುಳಾಗಬೇಡಿ, ಘಟ್ಟದ ನೆತ್ತಿಯ ಮಳೆಗೂ ನಮ್ಮ ವಾಘೋಲಿಯ ಮಳೆಗೂ ಸಂಬಂಧವೇ ಇಲ್ಲ.

ನಾವೀಗ 450 ಚದರಡಿಗೆ ಶಹಾಬಾದಿ ಕಲ್ಲು ಹಾಕಿಸಿ, ಸಂದುಗಳಲ್ಲಿ ದಾಸವಾಳ, ಮಲ್ಲಿಗೆ, ಕರಿಬೇವು ಇಟ್ಟಿದ್ದೇವೆ. ಉಳಿದ 150 ಚದರಡಿಗೆ ಅರ್ಧ ಅಡಿ ಮಣ್ಣು, ಮುಕ್ಕಾಲು ಬ್ರಾಸ್, ನಾನೇ ಟೇಪ್ ಹಿಡಿದು ಅಳೆದದ್ದು. ಅತ್ತೆ ಊರಿಂದ ತಂದ ಗರಿಕೆಯ ತುಂಡುಗಳನ್ನು ಮಿರಗದಲ್ಲಿ ಊರಿದರು. ಹೋದ ಚೌತಿಗೆ ಇಡೀ ಓಣಿಯ ಗಣಪತಿಗಳಿಗೆ ಇಪ್ಪತ್ತೊಂದರ ಕಟ್ಟುಗಳನ್ನು ಅವರೇ ಕಟ್ಟಿ ಕೊಟ್ಟರು. ಮೇ ತಿಂಗಳಲ್ಲಿ ಅದು ಅರ್ಧ ಒಣಗುತ್ತದೆ. ಒಣಗಲಿ ಬಿಡಿ, ಗರಿಕೆಗೆ ಒಣಗಿ ಎದ್ದು ಗೊತ್ತಿದೆ.

ಇಷ್ಟು ಬರೆಯುವುದನ್ನು ನೋಡಿ ಅತ್ತೆ, "ಬರದ್ರ ಏನ ಬಂತು, ಆ ಮನಿಗಿ ಹೋಗಿ ಹೇಳಿ ಬಾ" ಅಂದರು. ಇವತ್ತು ಸಂಜೆ ಹೋಗುತ್ತಿದ್ದೇನೆ. ಹುಲ್ಲು ಹೇಗೂ ಹಾಸಿಯಾಗಿದೆ. ಯೂರಿಯಾ ಚೀಲವಾದರೂ ಇನ್ನೂ ಬಂದಿರಲಿಕ್ಕಿಲ್ಲ.