ಕುದುರೆಯ ಚಳಿಗೂದಲು ತೆಗೆಯಲು ರಬ್ಬರೋ, ಬ್ಲೇಡೋ, ಕಲ್ಲೋ?

ಕೊಡಗಿನ ಚೆಟ್ಟಳ್ಳಿ ಕಡೆಯ ನಮ್ಮ ತೋಟದಲ್ಲಿ ಎರಡು ಕುದುರೆಗಳಿವೆ. ಒಂದು ರೇಸ್ ಬಿಟ್ಟ ಥರೋಬ್ರೆಡ್ ಹೆಣ್ಣು, ತೆಳು ಚರ್ಮದ್ದು. ಇನ್ನೊಂದು ಗಿಡ್ಡ ತಟ್ಟು, ಒತ್ತೊತ್ತಾಗಿ ಕೂದಲು. ಕಾಫಿ ಹೂ ಬಿಡುವ ಹೊತ್ತಿಗೆ ಎರಡೂ ಚಳಿಗೂದಲು ಉದುರಿಸುತ್ತವೆ. ಮಾಲೀಸು ಮಾಡಿ ಮನೆಗೆ ಬಂದರೆ ಅಂಗಿ ಒಳಗೆಲ್ಲ ತುರಿಕೆ.

ಬಿಸಿಲು ಏರಿದ್ದಕ್ಕೆ ಕೂದಲು ಉದುರುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಮುಖ್ಯ ಕಾರಣ ಹಗಲು ಉದ್ದವಾಗುವುದು. ಕೊಡಗಿರುವುದು 12 ಡಿಗ್ರಿ ಅಕ್ಷಾಂಶದ ಆಸುಪಾಸು. ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇಲ್ಲಿ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಹಾಗಾಗಿ ಹಿಮ ಬೀಳುವ ದೇಶದ ಕುದುರೆಗಳ ಹಾಗೆ ಇಲ್ಲಿನವಕ್ಕೆ ಕಂಬಳಿಯಂಥ ಕೂದಲು ಬರುವುದಿಲ್ಲ. ಸಲಕರಣೆ ಕೊಳ್ಳುವಾಗ ಇದು ನೆನಪಿರಬೇಕು.

ಶೆಡ್ಡಿಂಗ್ ಬ್ಲೇಡ್ ಅಂದರೆ ಹಲ್ಲುಗಳಿರುವ ಉಕ್ಕಿನ ಪಟ್ಟಿ, ಬಳೆಯ ಹಾಗೆ ಬಾಗಿಸಿ ಹಿಡಿ ಹಾಕಿರುತ್ತಾರೆ. ತಟ್ಟುವಿನ ಕತ್ತು, ಪಕ್ಕೆಯ ಮೇಲೆ ಕೂದಲ ದಿಕ್ಕಿಗೆ ಎಳೆದರೆ ಕಂತೆ ಕಂತೆಯಾಗಿ ಬರುತ್ತದೆ, ನೋಡಲು ಭಾರೀ ಖುಷಿ. ಅದನ್ನೇ ರೇಸ್ ಕುದುರೆಯ ಹತ್ತಿರ ತಂದರೆ ಕಿವಿ ಹಿಂದಕ್ಕೆ, ಹೊಟ್ಟೆಯ ಚರ್ಮ ಅದುರು. ಕಾಲು, ಮುಖ, ಸೊಂಟದ ಮೂಳೆಯ ಹತ್ತಿರವಂತೂ ಯಾವ ಕುದುರೆಗೂ ಇದು ಬೇಡ. ಮರದ ಹಿಡಿಗೆ ಹ್ಯಾಕ್ಸಾ ಬ್ಲೇಡ್ ಕೂರಿಸಿದ ಸಲಕರಣೆಯೂ ಇದೆ. ಕೆಲಸ ಚುರುಕು, ಆದರೆ ಕೈ ಸ್ವಲ್ಪ ವಾಲಿದರೂ ಉದುರಬೇಕಾದ ಕೂದಲಿನ ಜೊತೆ ಉಳಿಯಬೇಕಾದದ್ದೂ ತುಂಡಾಗುತ್ತದೆ. ಮೈ ಮೇಲೆ ಗೆರೆ ಬಿದ್ದ ಹಾಗೆ ಕಾಣುತ್ತದೆ.

ನನ್ನ ಓಟು ಮಾಮೂಲಿ ರಬ್ಬರ್ ಕರಿಕೋಂಬ್‌ಗೆ, ಅಂದರೆ ಮೈ ಉಜ್ಜುವ ಹಲ್ಲುಗಳಿರುವ ರಬ್ಬರ್ ಸಲಕರಣೆಗೆ. ಸುತ್ತು ಸುತ್ತಾಗಿ ಉಜ್ಜಬೇಕು, ತೋಳಿನ ಭಾರ ಅದರ ಮೇಲೆ ಬಿಟ್ಟು. ಬುಡ ಸಡಿಲಾದ ಕೂದಲು ಮಾತ್ರ ಎದ್ದು ಬರುತ್ತದೆ, ಮೈಗೆ ಎಣ್ಣೆಯ ಹೊಳಪೂ ಹರಡುತ್ತದೆ. ರೇಸಿನವಳು ಕಣ್ಣು ಅರ್ಧ ಮುಚ್ಚಿ ತುಟಿ ಜೋಲಿಸಿ ನಿಲ್ಲುತ್ತಾಳೆ. ಆಮೇಲೆ ಗಟ್ಟಿ ಬ್ರಷ್‌ನಿಂದ ಝಾಡಿಸಿದರಾಯಿತು. ಒಂದೇ ತೊಂದರೆ: ಹೂಮಳೆ ಬಿದ್ದು ಮೈ ಒದ್ದೆಯಾಗಿದ್ದರೆ ಕೂದಲು ರಬ್ಬರಿಗೇ ಮೆತ್ತಿಕೊಳ್ಳುತ್ತದೆ, ಒಣಗುವವರೆಗೆ ಕಾಯಲೇಬೇಕು. ಬಿರುಸಾದ ಕಬ್ಬಿಣದ ಕರಿಕೋಂಬ್ ನಮ್ಮಲ್ಲಿ ಬ್ರಷ್ ಕೆರೆಯಲಿಕ್ಕೆ ಮಾತ್ರ. ಗುಳ್ಳೆಗಳಿರುವ ಕೈಗವಸು ಮುಖಕ್ಕೆ, ಮೊಣಕಾಲಿಗೆ ಚೆನ್ನ, ಇಡೀ ಮೈಗೆ ಸಾಲದು.

ಅಂದಹಾಗೆ, ವಯಸ್ಸಾದ ಕುದುರೆ ಬೇಸಿಗೆ ಬಂದರೂ ಉದ್ದ, ಸುರುಳಿ ಕೂದಲನ್ನು ಹಾಗೇ ಹೊತ್ತಿದ್ದರೆ ಹೊಸ ಬ್ಲೇಡ್ ಹುಡುಕಬೇಡಿ, ಪಶುವೈದ್ಯರನ್ನು ಕರೆಸಿ. ಅದು ಹಾರ್ಮೋನು ಏರುಪೇರಾಗುವ ಕುಶಿಂಗ್ಸ್ ಕಾಯಿಲೆಯ ಲಕ್ಷಣವಾಗಿರಬಹುದು.

ಇನ್ನು ಕುದುರೆಯ ಮೈ ಉಜ್ಜಲು ಬಳಸುವ ರಂಧ್ರಗಳ ಹಗುರ ಕಲ್ಲು. ಕೂದಲೇನೋ ಹಿಡಿಯುತ್ತದೆ, ಆದರೆ ಉಜ್ಜಿದಷ್ಟೂ ಸವೆದು ಪುಡಿ ಉದುರುತ್ತದೆ. ರಬ್ಬರನ್ನು ಸೋಪಿನ ನೀರಲ್ಲಿ ತೊಳೆದು ಬಿಸಿಲಿಗಿಡಬಹುದು. ಕಲ್ಲಿನ ತೂತುಗಳನ್ನು ಹಾಗೆ ಶುಚಿ ಮಾಡುವುದು ಕಷ್ಟ. ಕೊಡಗಿನ ತೇವದಲ್ಲಿ ಗಜಕರ್ಣ ಒಂದರಿಂದ ಇನ್ನೊಂದಕ್ಕೆ ದಾಟಿದರೆ ಮಳೆಗಾಲವಿಡೀ ಅದೇ ಗೋಳು. ಅದಕ್ಕೇ ರಬ್ಬರ್ ಒಂದೊಂದಕ್ಕೆ ಒಂದೊಂದು, ಕಲ್ಲು ಈಗ ಜೀನಿನ ಕೆಳಗೆ ಹಾಸುವ ಕಂಬಳಿಯ ಕೂದಲು ತೆಗೆಯಲಿಕ್ಕೆ.