ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್: ಹಣ ಕಟ್ಟುವ ಮುಂಚೆ ದಿನಗಳನ್ನು ಎಣಿಸಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಈಗ ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಓಡಾಡುತ್ತಿದೆ. ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್, ಅಂದರೆ ನೇಪಾಳದಲ್ಲಿ ಎವರೆಸ್ಟಿನ ಬುಡದ ತನಕ ಚಾರಣ. ಊಟ, ವಸತಿ, ಗೈಡ್, ಪರ್ಮಿಟ್, ಇನ್ಶೂರೆನ್ಸ್ ಎಲ್ಲಾ ಸೇರಿ ಬೇರೆಯವರಿಗಿಂತ ಕಾಲು ಭಾಗ ಕಡಿಮೆ ರೇಟು. ಕಳೆದ ಸೀಸನ್ನಿನಲ್ಲಿ ಇದೇ ಆಯೋಜಕನ ಮೂಲಕ ನಾವು ಹೋಗಿದ್ದೆವು. ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇವೆ. ಆದರೆ ಆ ಕಡಿಮೆ ರೇಟು ಎಲ್ಲಿಂದ ಹುಟ್ಟುತ್ತದೆ ಅನ್ನೋದು ತಿಳಿದಿದ್ದರೆ, ಯಾರ ಹತ್ತಿರ ಬುಕ್ ಮಾಡಿದರೂ ನಿಮಗೆ ಉಪಯೋಗ.

ನಮ್ಮದು ಕುಂದವಾಡ ಕೆರೆಯ ವಾಕಿಂಗ್ ಗುಂಪು. ನಾನು, ನನ್ನ ಭಾವಮೈದ, ಇಬ್ಬರು ಗೆಳೆಯರು. ತಯಾರಿಯಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಭಾನುವಾರ ಬಂದರೆ ದುರ್ಗಕ್ಕೆ ಹೋಗಿ, ನೀರಿನ ಬಾಟಲಿ ತುಂಬಿದ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಕೋಟೆ ಹತ್ತುತ್ತಿದ್ದೆವು. ಜೋಗಿಮಟ್ಟಿಯನ್ನೂ ಬಿಡಲಿಲ್ಲ. ಕಾಲು ಗಟ್ಟಿಯಾಯಿತು, ನಿಜ. ಆದರೆ ಮೇಲೆ ಹೋದಂತೆ ಆಮ್ಲಜನಕ ಸಾಲದೆ ಬರುವ ಎತ್ತರದ ಕಾಯಿಲೆ ಕಾಲಿನ ಬಲ ನೋಡಿ ಬರುವುದಿಲ್ಲ. ಅದು ಸಾಮಾನ್ಯವಾಗಿ ಶುರುವಾಗುವುದೇ 2,500 ಮೀಟರ್ ದಾಟಿದ ಮೇಲೆ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಹಾಗಾಗಿ ನಮ್ಮ ಮೈ ತಡೆಯುತ್ತದೋ ಇಲ್ಲವೋ ಅಂತ ಊರ ಹತ್ತಿರ ಪರೀಕ್ಷೆ ಮಾಡಿ ನೋಡಲು ಜಾಗವೇ ಇಲ್ಲ.

ಅಲ್ಲಿ ಕಾಪಾಡುವುದು ನಿಧಾನ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಜಾಸ್ತಿ ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಉಳಿಯಬೇಕು. ರಾತ್ರಿ ತಂಗುವ ಊರುಗಳ ಪಟ್ಟಿಯನ್ನು ಆಯೋಜಕ ಮೊದಲು ಕಳಿಸಿದಾಗ ಅದರಲ್ಲಿ ಇದೆಲ್ಲ ಹೆಚ್ಚು ಕಡಿಮೆ ಸರಿಯಾಗೇ ಇತ್ತು. ನಾಮ್ಚೆಯಲ್ಲಿ (3,440 ಮೀಟರ್) ಎರಡು ರಾತ್ರಿ, ತೆಂಗ್ಬೋಚೆಯಲ್ಲಿ (3,860) ಒಂದು, ದಿಂಗ್ಬೋಚೆಯಲ್ಲಿ (4,410) ಎರಡು, ಆಮೇಲೆ ಲೋಬುಚೆ (4,940), ಗೋರಕ್‌ಶೆಪ್ (5,164). ಇದನ್ನು ನೋಡಿಯೇ ಹಣ ಕಟ್ಟಿದ್ದು.

ಜೊತೆಗೆ ಬರುತ್ತೇನೆ ಎಂದಿದ್ದ ಆಯೋಜಕ ಕೊನೆ ಗಳಿಗೆಯಲ್ಲಿ ಬರಲಿಲ್ಲ. ಕಠ್ಮಂಡುವಿನಲ್ಲಿ ನಮ್ಮನ್ನು ಒಂದು ಏಜೆನ್ಸಿಗೆ ಒಪ್ಪಿಸಿಬಿಟ್ಟಿದ್ದ. ಅವರು ಕೊಟ್ಟ ಗೈಡ್ ಕೈಯಲ್ಲಿ ಬೇರೆಯೇ ಪಟ್ಟಿ. ದಿಂಗ್ಬೋಚೆಯ ಎರಡನೇ ರಾತ್ರಿ ಮಾಯ! ಲೆಕ್ಕ ಹಾಕಿ ನೋಡಿ: ತೆಂಗ್ಬೋಚೆ ಬಿಟ್ಟ ಮೇಲೆ ಮೂರೇ ರಾತ್ರಿಯಲ್ಲಿ 1,300 ಮೀಟರ್ ಮೇಲೆ. ಫೋನ್ ಮಾಡಿದರೆ ಆಯೋಜಕ ನಗುತ್ತಾನೆ. "ಅಣ್ಣಾ, ನೀವೆಲ್ಲ ಫಿಟ್ ಇದ್ದೀರಿ. ರೂಮಲ್ಲಿ ಸುಮ್ನೆ ಕೂತು ಏನ್ ಮಾಡ್ತೀರಿ?" ಗೈಡ್ ಮಾತ್ರ ಸುಳ್ಳು ಹೇಳಲಿಲ್ಲ. "ನನಗೆ ಇಷ್ಟು ದಿನಕ್ಕೇ ದುಡ್ಡು ಕೊಟ್ಟಿರೋದು" ಅಂದ. ಆ ದಿನದ ಖರ್ಚು ನಾವೇ ಕೊಡುತ್ತೇವೆ ಎಂದೆವು. ಆಗಲ್ಲ, ನಡಿಗೆ ಶುರುವಾಗಿ ಮುಗಿಯುವ ಊರಾದ ಲುಕ್ಲಾದಿಂದ ವಾಪಸ್ ಬರುವ ವಿಮಾನದ ಟಿಕೆಟ್ ಆಗಲೇ ಆಗಿಹೋಗಿದೆ ಅಂದ. ಮೋಡ ಕವಿದರೆ ಲುಕ್ಲಾದ ವಿಮಾನಗಳು ನಿಂತೇ ಹೋಗುತ್ತವೆ. ಅದಕ್ಕೂ ಒಂದು ದಿನ ಕೈಯಲ್ಲಿ ಇಟ್ಟಿರಲಿಲ್ಲ ಪುಣ್ಯಾತ್ಮ.

ಒಂದು ದಿನ ತೆಗೆದರೆ ಗೈಡಿನ ಸಂಬಳ, ಪೋರ್ಟರ್ ಕೂಲಿ, ರೂಮು, ಮೂರು ಹೊತ್ತಿನ ಊಟ ಅಷ್ಟೂ ಉಳಿಯುತ್ತದೆ. ಅಲ್ಲಿ ಮೇಲೆ ಹೋದಷ್ಟೂ ಊಟ ದುಬಾರಿ, ಯಾಕೆಂದರೆ ಅಕ್ಕಿಯಿಂದ ಗ್ಯಾಸ್ ಸಿಲಿಂಡರ್ ತನಕ ಹೆಚ್ಚಿನದೆಲ್ಲ ಮನುಷ್ಯರ ಇಲ್ಲವೇ ಪ್ರಾಣಿಗಳ ಬೆನ್ನ ಮೇಲೆಯೇ ಬರಬೇಕು. ಪೋಸ್ಟರಿನ ಕಡಿಮೆ ರೇಟು ಅಂದರೆ ಇದೇ.

ಸಣ್ಣ ಪುಟ್ಟ ಕೈಚಳಕ ಬೇರೆ. ಕಠ್ಮಂಡುವಿನಿಂದ ನೇರ ಲುಕ್ಲಾ ವಿಮಾನ ಅಂತ ಬರೆದಿತ್ತು. ಸೀಸನ್ನಿನಲ್ಲಿ ಹೆಚ್ಚಿನ ವಿಮಾನಗಳು ಹೊರಡುವುದು ರಾಮೇಛಾಪ್ ಜಿಲ್ಲೆಯ ಮಂಥಲಿಯಿಂದ. ಮಧ್ಯರಾತ್ರಿ ಎದ್ದು ನಾಲ್ಕೈದು ಗಂಟೆ ಜೀಪಿನಲ್ಲಿ ಹೋಗಬೇಕು. ಆ ಬಾಡಿಗೆ ನಮ್ಮ ತಲೆಗೇ ಬಂತು. ಪರ್ಮಿಟ್ ವಿಷಯ ಇನ್ನೂ ಚೆನ್ನಾಗಿದೆ. ಈ ಹಾದಿ ಹಾಯುವ ಸಾಗರಮಾತಾ ರಾಷ್ಟ್ರೀಯ ಉದ್ಯಾನಕ್ಕೆ ನಾವು ಹೋದಾಗ ಬೇರೆ ವಿದೇಶಿಯರಿಗೆ 3,000 ನೇಪಾಳಿ ರೂಪಾಯಿ, ನಮ್ಮಂಥ ಸಾರ್ಕ್ (ದಕ್ಷಿಣ ಏಷ್ಯಾ ಒಕ್ಕೂಟದ) ದೇಶದವರಿಗೆ 1,500, ಮೇಲೆ ಶೇಕಡಾ 13 ತೆರಿಗೆ. ನಮ್ಮ 100 ರೂಪಾಯಿಗೆ ಅವರ 160. ಅಂದರೆ ಒಬ್ಬರಿಗೆ ನಮ್ಮ ದುಡ್ಡಲ್ಲಿ 1,060 ರೂಪಾಯಿ ಆಸುಪಾಸು. ಪ್ಯಾಕೇಜಿನಲ್ಲಿ ಸೇರಿದೆ ಎಂದಿದ್ದ ಆಯೋಜಕ ಆಮೇಲೆ "ಪರ್ಮಿಟ್ ರೇಟು ಏರಿದೆ" ಅಂತ ಒಬ್ಬೊಬ್ಬರಿಂದ 3,000 ವಸೂಲಿ ಮಾಡಿದ, ಅದೂ ಭಾರತದ ರೂಪಾಯಿಯಲ್ಲಿ! ನಿಜವಾದ ರೇಟಿನ ರಸೀದಿ ನಮ್ಮ ಕೈಗೆ ಸಿಕ್ಕಿದ್ದು ಮೊಂಜೋದಲ್ಲಿರುವ ಉದ್ಯಾನದ ಗೇಟಿನಲ್ಲಿ. ಇಬ್ಬರಿಗೊಬ್ಬ ಪೋರ್ಟರ್ ಎಂದಿದ್ದರು, ನಾಲ್ವರ ಗಂಟನ್ನೂ ಒಬ್ಬನೇ ಹುಡುಗ ಹೊತ್ತ. ನೋಡಲಾಗದೆ ನಾಮ್ಚೆಯಲ್ಲಿ ನಾವೇ ಇನ್ನೊಬ್ಬನನ್ನು ಗೊತ್ತು ಮಾಡಿಕೊಂಡೆವು.

ದುಡ್ಡಿನ ಮಾತು ಹಾಗಿರಲಿ. ದಿಂಗ್ಬೋಚೆಯಲ್ಲೇ ಭಾವಮೈದನಿಗೆ ತಲೆನೋವು, ಊಟ ಬೇಡ ಅಂದ. ಬೆಳ್ಳುಳ್ಳಿ ಸೂಪ್ ಕುಡಿದರೆ ಸರಿಹೋಗುತ್ತೆ ಅಂದ ಗೈಡ್. ಲೋಬುಚೆಯಲ್ಲಿ ರಾತ್ರಿಯಿಡೀ ವಾಂತಿ. ಬೆಳಗಿನ ಜಾವ ಎದ್ದವನು ಕುಡಿದವನ ಹಾಗೆ ತೂರಾಡುತ್ತಾ ಗೋಡೆ ಹಿಡಿದುಕೊಂಡ. ಪ್ಯಾಕೇಜಿನಲ್ಲಿ ಬರೆದಿದ್ದ ಆಮ್ಲಜನಕದ ಸಿಲಿಂಡರ್ ಎಲ್ಲಿ ಎಂದರೆ ಗೈಡ್ ಮುಖ ತಗ್ಗಿಸಿದ. ಆಮೇಲೆ ಅವನು ಹೇಳಿದ್ದು ಕೇಳಿ: "ಹೆಲಿಕಾಪ್ಟರ್ ಕರೆಸ್ತೀನಿ. ನಾಲ್ಕೂ ಜನ ಹೋಗಿ, ಇನ್ಶೂರೆನ್ಸ್ ಕೊಡುತ್ತೆ." ಉಳಿದ ಮೂವರಿಗೆ ಏನೂ ಆಗಿರಲಿಲ್ಲ! ಬೇಡದವರನ್ನೂ ಹೆಲಿಕಾಪ್ಟರಿಗೆ ಹತ್ತಿಸಿ ವಿಮಾ ಕಂಪನಿಗಳಿಂದ ಹಣ ಹೊಡೆಯುವ ದಂಧೆಯ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತ್ತು.

ನಿಜವಾಗಿ ಬೇಕಾದವರಿಗೆ ಹೆಲಿಕಾಪ್ಟರ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತು ಪೂರ್ತಿ ಮೋಡ. ಕಾಯುವ ಹೊತ್ತಲ್ಲ. ಪಕ್ಕದ ಲಾಡ್ಜಿನಲ್ಲಿ ಬೇರೆ ತಂಡದ ಹಿರಿಯ ಶೆರ್ಪಾ ಒಬ್ಬರಿದ್ದರು. ನೇರ ಗೆರೆಯ ಮೇಲೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನಡೆಯಲು ಭಾವಮೈದನಿಗೆ ಹೇಳಿದರು. ಎರಡು ಹೆಜ್ಜೆ ಇಡಲಾಗಲಿಲ್ಲ. ಇದು ಮಿದುಳು ಊದಿಕೊಳ್ಳುತ್ತಿರುವುದರ ಗುರುತು, ಈಗಲೇ ಇಳಿಸಿ ಅಂದರು. ತಮ್ಮ ತಂಡದ ಸಿಲಿಂಡರ್ ಕೊಟ್ಟರು. ತೋಳು ಕೊಟ್ಟು, ಆಮೇಲೆ ಕುದುರೆ ಮೇಲೆ ಕೂರಿಸಿ ಕೆಳಗಿನ ಫೆರಿಚೆ ಊರಿಗೆ ಇಳಿಸಿದೆವು. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾ ಕೇಂದ್ರವಿದೆ, 1973ರಿಂದ ನಡೆಯುತ್ತಿದೆ. ಸೀಸನ್ನಿನಲ್ಲಿ ಡಾಕ್ಟರು ಇರುತ್ತಾರೆ. ಆಮ್ಲಜನಕ, ಇಂಜೆಕ್ಷನ್ ಕೊಟ್ಟರು, ಇನ್ನೂ ಕೆಳಗೆ ಹೋಗಿ ಎಂದರು. ನಾಮ್ಚೆಗೆ ಬರುವ ಹೊತ್ತಿಗೆ ಅನ್ನ ಕೇಳಿ ಉಂಡ.

ಹೆಲಿಕಾಪ್ಟರ್ ಬಂದಿದ್ದರೆ ಏನಾಗುತ್ತಿತ್ತು ಗೊತ್ತಾ? ಊರಿಗೆ ಬಂದ ಮೇಲೆ ಪಾಲಿಸಿಯ ಪ್ರತಿ ಹಠ ಹಿಡಿದು ತರಿಸಿಕೊಂಡೆವು. 3,000 ಮೀಟರ್ ಮೇಲಿನ ಟ್ರೆಕ್ಕಿಂಗ್ ಇದಕ್ಕೆ ಸೇರುವುದಿಲ್ಲ ಅಂತ ಅದರಲ್ಲೇ ಬರೆದಿದೆ. ನಾಮ್ಚೆಯ ತನಕವೂ ರಕ್ಷಣೆ ಇಲ್ಲದ ವಿಮೆ!

2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಒಂಬತ್ತು ಚಾರಣಿಗರು ತೀರಿಕೊಂಡರು, ಎಲ್ಲರೂ ನಮ್ಮ ಕರ್ನಾಟಕದಿಂದ ಹೋದವರು. ಹವಾಮಾನ ಯಾರ ಕೈಯಲ್ಲೂ ಇಲ್ಲ. ಪಟ್ಟಿಯಿಂದ ಒಂದು ರಾತ್ರಿ ಅಳಿಸುವುದು ಮನುಷ್ಯನ ಕೈಯದೇ, ಅದಕ್ಕೇ ನನಗೆ ಸಿಟ್ಟು.

ಹೋಗುವವರು ಪ್ರತಿ ರಾತ್ರಿ ಮಲಗುವ ಊರು, ಅದರ ಎತ್ತರ ಬರೆದ ಪಟ್ಟಿ ಕೇಳಿ. ಅದು ಬದಲಾದರೆ ಹಣ ವಾಪಸ್ ಅಂತ ಬರೆಸಿಕೊಳ್ಳಿ. ಅಲ್ಲಿ ನಿಜವಾಗಿ ಕರೆದೊಯ್ಯುವ ಏಜೆನ್ಸಿ ಯಾವುದು, ಗೈಡಿನ ಲೈಸೆನ್ಸ್ ಇದೆಯಾ, ಹೊರಡುವ ಮುಂಚೆಯೇ ತಿಳಿದುಕೊಳ್ಳಿ. ವಿಮೆ ನೀವೇ ಮಾಡಿಸಿ, ಎಷ್ಟು ಮೀಟರ್ ತನಕ ಅಂತ ಓದಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ, ಟ್ರೆಕ್ ಲೀಡರನ್ನಲ್ಲ.

ಆಯೋಜಕ ನಮ್ಮನ್ನು ಗ್ರೂಪಿನಿಂದ ತೆಗೆದುಹಾಕಿದ, ಹಣದ ಮಾತೆತ್ತಿದರೆ ಫೋನ್ ಇಟ್ಟುಬಿಡುತ್ತಾನೆ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿದೆವು, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆವು. 2019ರ ಕಾಯ್ದೆ ಪ್ರಕಾರ ನಾವಿರುವ ಊರಲ್ಲೇ ದೂರು ಹಾಕಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡೂ ಪಟ್ಟಿ, ಪರ್ಮಿಟ್ ರಸೀದಿ, ಪಾಲಿಸಿ, ಹಣ ಕಳಿಸಿದ ಸ್ಕ್ರೀನ್‌ಶಾಟ್ ಎಲ್ಲ ಲಗತ್ತಿಸಿದ್ದೇವೆ. ಅವನಿಂದ ಮೋಸ ಹೋದ ಬೇರೆಯವರಿದ್ದರೆ ನಿಮ್ಮ ಕಾಗದಗಳನ್ನೂ ಜೋಪಾನ ಮಾಡಿ, ನನಗೆ ತಿಳಿಸಿ.